ವಿಮಾನ ಹತ್ತುವ ಮುನ್ನ

(ತೃತೀಯ ಬಿ.ಎ. ವರ್ಗದ ಓರ್ವ ವಿದ್ಯಾರ್ಥಿ, ಜಾಲಿ)

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲರೂ ಕನ್ನಡ ಶಾಲೆಯ ದಿನಗಳಿಂದಲೇ ಬಾಯಿಪಾಠ ಮಾಡಿದವರು. ‘ಪ್ರವಾಸದ ಪ್ರಯೋಜನಗಳು’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಅಂಕ ಗಳಿಸಿದವರೂ ಹೌದು. ಆದರೆ ದೇಶ ಸುತ್ತುವುದಕ್ಕೆ ಮೊದಲೇ ಓದಬೇಕಾದ ಒಂದು ಕೋಶವಿದೆಯೆಂಬುದು ನನಗೆ ತಿಳಿದದ್ದು ತೀರ ಈಚೆಗೆ. ಅದು ಮೂವತ್ತಾರು ಪುಟಗಳ ಒಂದು ನೀಲಿ ಪುಸ್ತಕ. ಅದರ ಹೆಸರು ಪಾಸ್‌ಪೋರ್ಟು. ಅದನ್ನು ಸಕಾಲದಲ್ಲಿ ಓದದೆ ಹೋದದ್ದರಿಂದ ನಮ್ಮ ಮನೆಗಾದ ಪೇಚನ್ನೂ, ಅದರಿಂದ ನಾನು ಕಲಿತ ಪಾಠವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಜಾಲಿಯವರಿಗೆ ಪರದೇಶವೆಂಬುದು ಹೊಸ ಮಾತಲ್ಲ. ಪಕ್ಕದ ಭಟ್ಕಳವು ವಿಜಯನಗರದ ಕಾಲದಲ್ಲಿ ಹೆಸರಾದ ಬಂದರು. ಅರಬ್ಬೀ ಕುದುರೆಗಳು ಇಲ್ಲಿ ಬಂದಿಳಿಯುತ್ತಿದ್ದುವು. ಇಲ್ಲಿಂದ ಅಕ್ಕಿ, ಸಕ್ಕರೆಗಳು ಹೊರಗೆ ಹೋಗುತ್ತಿದ್ದುವೆಂದು ಹದಿನಾರನೆಯ ಶತಮಾನದ ಆದಿಯಲ್ಲಿ ಈ ಕರಾವಳಿಯನ್ನು ಬಣ್ಣಿಸಿದ ಪೋರ್ತುಗೀಜ ಬರಹಗಾರ ಬಾರ್ಬೋಸಾ ತಿಳಿಸುತ್ತಾನೆ. ಇಂದು ಹೋಗಿಬರುವವರು ಮನುಷ್ಯರು. ನಮ್ಮ ಕೇರಿಯಲ್ಲಿ ಕೊಲ್ಲಿ ದೇಶಗಳಲ್ಲಿ ಒಬ್ಬರಾದರೂ ಇಲ್ಲದ ಮನೆಯನ್ನು ಹುಡುಕಬೇಕು. ದುಬೈ, ಶಾರ್ಜಾ, ಮಸ್ಕತ್, ದಮ್ಮಾಮ್ ಎಂಬ ಹೆಸರುಗಳು ನಮ್ಮ ಅಜ್ಜಿಯಂದಿರ ಬಾಯಲ್ಲಿ ಹೊನ್ನಾವರ, ಕುಮಟೆಗಳಷ್ಟೇ ಸಲೀಸಾಗಿ ಹೊರಳುತ್ತವೆ.

ಆದರೆ ದುಡಿಯಲು ಹೋಗುವುದು ಬೇರೆ, ರಜೆಯಲ್ಲಿ ನಾಲ್ಕು ದಿನ ಇದ್ದು ಬರಲು ಹೋಗುವುದು ಬೇರೆ. ದುಡಿಯಲು ಹೋಗುವವನ ಕಾಗದಪತ್ರಗಳನ್ನು ಕೆಲಸ ಕೊಡುವವರೋ ಏಜೆಂಟರೋ ನೋಡಿಕೊಳ್ಳುತ್ತಾರೆ. ರಜೆಗೆ ಹೋಗುವವನಿಗೆ ತನಗೆ ತಾನೇ ದಿಕ್ಕು. ಅದರಲ್ಲಿಯೂ ನಮ್ಮಲ್ಲಿ ಹಾಗೆ ಹೋಗುವವರು ಯಾರು? ಹೆಚ್ಚಾಗಿ ತಾಯಂದಿರು. ಮಗನ ಪೆಟ್ಟಿಗೆಯನ್ನು ಹತ್ತು ಸಲ ಕಟ್ಟಿಕೊಟ್ಟವರು, ಹಪ್ಪಳ ಮುರಿಯದಂತೆ ಲುಂಗಿಯಲ್ಲಿ ಸುತ್ತಿಟ್ಟವರು, ಬಜ್ಪೆಯ ವಿಮಾನ ನಿಲ್ದಾಣದ ಬಾಗಿಲವರೆಗೆ ಹೋಗಿ ಕಣ್ಣೊರಸಿಕೊಂಡು ಹಿಂದಿರುಗಿದವರು. ಆ ಬಾಗಿಲಿನ ಆಚೆ ಏನಿದೆಯೆಂಬುದನ್ನು ಅವರು ಕಂಡವರಲ್ಲ. ನನ್ನ ಅಮ್ಮನೂ ಅಂಥವರಲ್ಲೊಬ್ಬಳು.

ನನ್ನ ಅಣ್ಣನು 2013ರಲ್ಲಿ ದುಬೈಗೆ ಹೋದನು. ಹೋಗುವಾಗಲೇ ಅಮ್ಮನಿಗೂ ಪಾಸ್‌ಪೋರ್ಟು ಮಾಡಿಸಿಟ್ಟನು. “ಒಂದು ವರ್ಷದೊಳಗೆ ಕರೆಸಿಕೊಳ್ಳುತ್ತೇನೆ” ಎಂಬುದು ಅವನ ಮಾತು. ಆ ಮೇಲೆ ತಂದೆಯವರ ಕಾಯಿಲೆ, ಅವರ ಮರಣ, ಅಣ್ಣನ ಮದುವೆ ಎಂದು ವರ್ಷಗಳು ಉರುಳಿದುವು. 2020ರ ಬೇಸಗೆಯಲ್ಲಿ ಹೊರಡುವುದೆಂದು ನಿಶ್ಚಯಿಸಿದರೆ, ಮಾರ್ಚಿಯಲ್ಲಿಯೇ ಕೊರೋನಾ ಬಂದು ವಿದೇಶಗಳ ವಿಮಾನಗಳೆಲ್ಲ ನಿಂತುವು. ವೇಳಾಪಟ್ಟಿಯ ಪ್ರಕಾರ ಅವು ಮತ್ತೆ ಹಾರತೊಡಗಿದ್ದು 2022ರ ಮಾರ್ಚಿ 27ರಿಂದ. ಕಡೆಗೆ 2023ರ ಏಪ್ರಿಲಿನಲ್ಲಿ, ನನ್ನ ಪಿ.ಯು. ಪರೀಕ್ಷೆ ಮುಗಿದ ಬಳಿಕ, ಅಮ್ಮನೂ ನಾನೂ ಹೋಗುವುದೆಂದಾಯಿತು. ಅಣ್ಣನು ಜನವರಿಯಲ್ಲಿಯೇ ಅಗ್ಗದ ಟಿಕೇಟು ಕೊಂಡನು. ರದ್ದು ಮಾಡಿದರೆ ಹಣ ಹಿಂದಿರುಗದ ಟಿಕೇಟು ಅದು. ಅಗ್ಗವಾದದ್ದೂ ಆ ಕಾರಣದಿಂದಲೇ.

ಪ್ರಯಾಣಕ್ಕೆ ಹತ್ತು ದಿನಗಳಿರುವಾಗ ವೀಸಾಕ್ಕೆಂದು ಪಾಸ್‌ಪೋರ್ಟಿನ ಪ್ರತಿಗಳನ್ನು ಕಳಿಸಿದೆವು. ಮರುದಿನವೇ ಉತ್ತರ ಬಂತು. ಅಮ್ಮನ ಪಾಸ್‌ಪೋರ್ಟಿನ ಅವಧಿ ಆಗಸ್ಟಿನಲ್ಲಿ ಮುಗಿಯುತ್ತದೆ. ಕಡಿಮೆಯೆಂದರೆ ಆರು ತಿಂಗಳು ಉಳಿದಿರಬೇಕು. ಇದ್ದದ್ದು ನಾಲ್ಕೇ ತಿಂಗಳು! ಹತ್ತು ವರ್ಷಗಳ ಕಾಲ ಪೆಟ್ಟಿಗೆಯ ತಳದಲ್ಲಿ, ಅಮ್ಮನ ಮದುವೆಯ ಸೀರೆಯ ಕೆಳಗೆ, ಒಂದೇ ಒಂದು ಮುದ್ರೆಯೂ ಬೀಳದೆ ಕಾದಿದ್ದ ಪುಸ್ತಕವು ಎರಡು ತಿಂಗಳ ಕೊರತೆಯಿಂದ ಕೆಲಸಕ್ಕೆ ಬಾರದೆ ಹೋಯಿತು. ತತ್ಕಾಲದ ಕ್ರಮದಲ್ಲಿ ಹೊಸತನ್ನು ಮಾಡಿಸೋಣವೆಂದು ಓಡಿದೆ. ಆಗ ಎರಡನೆಯ ಗಂಟು ಕಂಡಿತು. ಪಾಸ್‌ಪೋರ್ಟಿನಲ್ಲಿ ಅಮ್ಮನದು ಒಂಟಿ ಹೆಸರು. ಆಧಾರ್ ಕಾರ್ಡಿನಲ್ಲಿ ಹೆಸರಿನ ಜೊತೆಗೆ ತಂದೆಯವರ ಹೆಸರೂ ಸೇರಿದೆ. ಹುಟ್ಟಿದ ತಾರೀಖೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇದನ್ನೆಲ್ಲ ಸರಿಪಡಿಸುವುದರೊಳಗೆ ವಿಮಾನವು ನಮ್ಮಿಬ್ಬರ ಖಾಲಿ ಆಸನಗಳನ್ನು ಹೊತ್ತುಕೊಂಡು ಹೋಗಿಯಾಗಿತ್ತು.

ಅಮ್ಮ ಅಳಲಿಲ್ಲ. ಕಟ್ಟಿಟ್ಟಿದ್ದ ಹಪ್ಪಳದ ಗಂಟನ್ನು ಬಿಚ್ಚಿ ಡಬ್ಬಿಗೆ ತುಂಬುತ್ತ, “ನನ್ನ ಹಣೆಯಲ್ಲಿ ಬರೆದಿಲ್ಲ, ಬಿಡು ಮಗ” ಎಂದಳು. ಅಣ್ಣನ ಮಗಳಿಗೆ ಆಗ ಎರಡೂವರೆ ವರ್ಷ. ಆ ಮಗು ಅಜ್ಜಿಯನ್ನು ಕಂಡದ್ದು ಮೊಬೈಲಿನ ಗಾಜಿನೊಳಗೆ ಮಾತ್ರ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹಣೆಯಲ್ಲಿ ಬರೆದದ್ದನ್ನು ಓದಲು ಯಾರಿಂದಲೂ ಆಗದೆಂಬುದು ನಿಜ. ಪಾಸ್‌ಪೋರ್ಟಿನಲ್ಲಿ ಬರೆದದ್ದನ್ನು ಓದಬಹುದಿತ್ತಲ್ಲವೇ? ಅಮ್ಮ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಅವಳಿಗೆ ಇಂಗ್ಲೀಷು ಬಾರದು. ನನಗೆ ಬರುತ್ತಿತ್ತು, ಆ ವರ್ಷದ ಪರೀಕ್ಷೆಯಲ್ಲಿ ಇಂಗ್ಲೀಷಿಗೆ ಒಳ್ಳೆಯ ಅಂಕಗಳೂ ಬಂದುವು. ಆದರೂ ಮನೆಯೊಳಗೇ ಇದ್ದ ಆ ಪುಸ್ತಕವನ್ನು ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ. ಆದುದರಿಂದ ನನ್ನ ಅಭಿಪ್ರಾಯವಿಷ್ಟು: ವಿದೇಶ ಪ್ರಯಾಣದ ಮಟ್ಟಿಗೆ ನಾವು ಹಣೆಬರಹವೆಂದು ಕರೆಯುವುದರಲ್ಲಿ ಬಹುಪಾಲು, ಓದಬಲ್ಲವರು ಓದದೆ ಬಿಟ್ಟ ಬರಹವೇ ಆಗಿದೆ. ಆದ್ದರಿಂದ ಸಿದ್ಧತೆಯನ್ನು ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಎಣಿಸಬೇಕು.

ನಮ್ಮೂರ ಮೀನುಗಾರರನ್ನು ನೋಡಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಅವರು ಕೈಕಟ್ಟಿ ಕುಳಿತಿರುತ್ತಾರೆಯೇ? ಬಲೆಯ ಒಂದೊಂದು ಕಣ್ಣನ್ನೂ ಬೆರಳಿನಿಂದ ಮುಟ್ಟಿ ನೋಡಿ, ಹರಿದಲ್ಲಿ ಹೆಣೆದು, ದೋಣಿಯನ್ನು ದುರಸ್ತಿ ಮಾಡಿ ಇಡುತ್ತಾರೆ. ನಡುಗಡಲಿನಲ್ಲಿ ಬಲೆ ಹರಿದರೆ ದಡಕ್ಕೆ ಓಡಿಬರಲಾಗದೆಂಬುದು ಅವರಿಗೆ ಗೊತ್ತು. ಹಾಯಿಹಡಗುಗಳ ಕಾಲದಲ್ಲಿ ಪ್ರಯಾಣಿಕರೂ ಹೀಗೆಯೇ ಇದ್ದಿರಬೇಕು. ಮಳೆಗಾಲ ಕಳೆದು ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗಿದ್ದುದರಿಂದ ಸಿದ್ಧತೆಗೆ ಬೇಕಾದಷ್ಟು ಸಮಯ ತಾನಾಗಿಯೇ ದೊರೆಯುತ್ತಿತ್ತು. ವಿಮಾನವು ಆ ಕಾಯುವಿಕೆಯನ್ನು ತೊಡೆದುಹಾಕಿತು. ಬಜ್ಪೆಯಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಅಲ್ಲಿಂದ ನೇರವಾಗಿ ದುಬೈಗೆ ವಿಮಾನ ಹಾರತೊಡಗಿದ್ದು 2006ರಲ್ಲಿ. ಅದಕ್ಕೆ ಮುಂಚೆ ಮುಂಬಯಿಯ ದಾರಿ ಹಿಡಿಯಬೇಕಾಗಿತ್ತು. ಈಗ ನಾಲ್ಕು ಗಂಟೆಗಳೊಳಗೆ ಆಚೆಯ ದಡ. ಪ್ರಯಾಣ ಚಿಕ್ಕದಾಯಿತೆಂದು ಸಿದ್ಧತೆಯೂ ಚಿಕ್ಕದಾಯಿತೆಂದು ನಾವು ಭಾವಿಸಿದೆವು. ತಪ್ಪಿದ್ದು ಅಲ್ಲಿಯೇ.

ಅದೇ ವರ್ಷದ ದೀಪಾವಳಿಗೆ ಹೊರಡುವುದೆಂದು ಮತ್ತೆ ನಿಶ್ಚಯಿಸಿದೆವು. ಈ ಸಲ ಸಿದ್ಧತೆ ಆರಂಭವಾದದ್ದು ಜೂನಿನಲ್ಲಿ, ಕೇರಿಯಲ್ಲಿ ಬಲೆ ಹೆಣೆಯುವ ದಿನಗಳಲ್ಲಿ. ನಾವು ಮಾಡಿದ್ದನ್ನೂ ಕಲಿತದ್ದನ್ನೂ ಕ್ರಮವಾಗಿ ಹೇಳುತ್ತೇನೆ. ಮುಂದೆ ಹೋಗುವವರಿಗೆ ಉಪಯೋಗವಾದೀತು.

ಮೊದಲನೆಯದು ಹೆಸರು ಮತ್ತು ಅವಧಿ. ದೊಡ್ಡವರ ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ. ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಅದನ್ನು ಹೊಸದಾಗಿ ಪಡೆಯಲು ಅರ್ಜಿ ಹಾಕಬಹುದು. ಮೂವತ್ತಾರು ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಆದ್ದರಿಂದ ಹತ್ತು ವರ್ಷದ ಪುಸ್ತಕವನ್ನು ಒಂಬತ್ತು ವರ್ಷದ್ದೆಂದೇ ತಿಳಿದುಕೊಳ್ಳುವುದು ಲೇಸು. ಹೆಸರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಮ್ಮಲ್ಲಿ ಒಬ್ಬರಿಗೆ ಒಂಟಿ ಹೆಸರು, ಮತ್ತೊಬ್ಬರಿಗೆ ಇನಿಶಿಯಲ್ಲು, ಇನ್ನೊಬ್ಬರಿಗೆ ಊರಿನ ಹೆಸರೋ ಮನೆತನದ ಹೆಸರೋ ಸೇರಿರುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಹೆಸರಿಗೊಂದು, ಕುಲನಾಮಕ್ಕೊಂದು ಎಂದು ಎರಡು ಅಂಕಣಗಳಿವೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಅಮೀರರ ರಾಷ್ಟ್ರವು ಒಂಟಿ ಹೆಸರಿನವರಿಗೆ ಪ್ರವಾಸದ ವೀಸಾ ಇಲ್ಲವೆಂದಿತು. ಪಾಸ್‌ಪೋರ್ಟಿನ ಮತ್ತೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಬಳಿಕ ಸಡಿಲಿಸಲಾಯಿತು. ಇಂಥ ನಿಯಮಗಳು ಹೇಳಿ ಕೇಳಿ ಬರುವುದಿಲ್ಲ. ಎಲ್ಲ ಕಾಗದಗಳಲ್ಲಿಯೂ ಅಕ್ಷರಕ್ಕೆ ಅಕ್ಷರ ಒಂದೇ ಹೆಸರಿದ್ದವನಿಗೆ ಯಾವ ನಿಯಮ ಬಂದರೂ ಚಿಂತೆ ಕಡಿಮೆ. ಟಿಕೇಟಿನಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರಲ್ಲ.

ಎರಡನೆಯದು ಕಾಲ. ಟಿಕೇಟಿನ ಬೆಲೆ ಮೀನಿನ ಬೆಲೆಯಂತೆ, ದಿನದಿನಕ್ಕೆ ಬೇರೆ. ಶಾಲೆಗಳ ರಜೆ, ಈದ್ ಹಬ್ಬ, ರಜೆ ಮುಗಿಸಿ ಕುಟುಂಬಗಳು ಕೊಲ್ಲಿಗೆ ಮರಳುವ ಆಗಸ್ಟಿನ ಕೊನೆ—ಇಂಥ ಸಮಯದಲ್ಲಿ ಅದು ಗಗನಕ್ಕೇರುತ್ತದೆ. ಮುಂಗಡವಾಗಿ ಕೊಂಡರೆ ಲಾಭವುಂಟು. ಆದರೆ ಪಾಸ್‌ಪೋರ್ಟನ್ನು ಓದಿದ ಮೇಲೆ ಟಿಕೇಟು ಕೊಳ್ಳಬೇಕೇ ಹೊರತು, ಟಿಕೇಟು ಕೊಂಡ ಮೇಲೆ ಪಾಸ್‌ಪೋರ್ಟನ್ನು ಓದಬಾರದು. ಮಳೆಗಾಲದಲ್ಲಿ ಹೊರಡುವವರು ಇನ್ನೂ ಒಂದನ್ನು ನೆನೆಯಬೇಕು. ಮಂಗಳೂರು ನಮಗೆ ಸುಮಾರು 140 ಕಿಲೋಮೀಟರು ದೂರ. ಮಳೆಗಾಲದಲ್ಲಿ ಕೊಂಕಣ ರೈಲುಗಳು ಬೇರೆ ವೇಳಾಪಟ್ಟಿಯಂತೆ ನಿಧಾನವಾಗಿ ಓಡುತ್ತವೆ. 2022ರ ಆಗಸ್ಟ್ 2ರ ಮಳೆಗೆ ನಮ್ಮ ಭಟ್ಕಳವೇ ನೀರಿನಲ್ಲಿ ಮುಳುಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡದ್ದನ್ನು ನಾವು ಮರೆತಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿಯಿತು. ವಿಮಾನವು ಆಕಾಶದಲ್ಲಿ ಹಾರುತ್ತದೆ, ನಿಜ; ಅದನ್ನು ಹತ್ತಲು ನಾವು ನೆಲದ ಮೇಲೆಯೇ ಹೋಗಬೇಕು. ಮಳೆಗಾಲದಲ್ಲಿ ಹಿಂದಿನ ದಿನವೇ ಮಂಗಳೂರು ಸೇರುವುದು ಜಾಣತನ.

ಮೂರನೆಯದು ದೇಹ ಮತ್ತು ಮನಸ್ಸು. ಅಮ್ಮನಿಗೆ ರಕ್ತದ ಒತ್ತಡವಿದೆ, ಮೊಣಕಾಲು ನೋವಿದೆ. ಒಂದು ತಿಂಗಳ ಮೊದಲೇ ವೈದ್ಯರನ್ನು ಕಂಡು, ಔಷಧಗಳ ಹೆಸರನ್ನು ಇಂಗ್ಲೀಷಿನಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಂಡೆವು. ನಮ್ಮಲ್ಲಿ ಕೆಮ್ಮಿಗೆ, ನೋವಿಗೆ ಕೊಡುವ ಕೆಲವು ಔಷಧಗಳಲ್ಲಿರುವ ಕೋಡೀನ್, ಟ್ರಾಮಡಾಲ್ ಮೊದಲಾದುವನ್ನು ಆ ದೇಶಕ್ಕೆ ಅನುಮತಿಯಿಲ್ಲದೆ ಒಯ್ದರೆ ಅಪರಾಧವಾಗುತ್ತದೆ. ನಿಲ್ದಾಣದಲ್ಲಿ ಬಹಳ ದೂರ ನಡೆಯಬೇಕಾಗುವುದರಿಂದ ಗಾಲಿಕುರ್ಚಿ ಬೇಕೆಂದು ಟಿಕೇಟು ಕೊಳ್ಳುವಾಗಲೇ ತಿಳಿಸಿದೆವು. ಮನಸ್ಸಿನ ಸಿದ್ಧತೆ ಇದಕ್ಕಿಂತ ಕಷ್ಟವಾದದ್ದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಇಳಿಯುವಾಗ ದುರಂತಕ್ಕೀಡಾಗಿ 158 ಜನ ಪ್ರಾಣ ಕಳೆದುಕೊಂಡರು. ನಮ್ಮ ಕರಾವಳಿಯ ತಾಯಂದಿರ ಎದೆಯಲ್ಲಿ ಆ ದಿನವಿನ್ನೂ ಇದೆ. ಅಮ್ಮನ ಅಂಜಿಕೆಯನ್ನು ನಾನು ನಗೆಯಾಡಲಿಲ್ಲ. ಬೆಲ್ಟು ಕಟ್ಟಿಕೊಳ್ಳುವುದು ಹೇಗೆ, ಏರುವಾಗ ಏನು ಸದ್ದು, ಇಳಿಯುವಾಗ ಕಿವಿ ಏಕೆ ಕಟ್ಟುತ್ತದೆ, ಕಟ್ಟಿದರೆ ಉಗುಳು ನುಂಗಬೇಕು ಎಂಬುದನ್ನೆಲ್ಲ ಸಂಜೆ ಸಂಜೆ ಕುಳಿತು ಹೇಳಿದೆ. ತಿಳಿದದ್ದರ ಭಯ ತಿಳಿಯದುದರ ಭಯಕ್ಕಿಂತ ಯಾವಾಗಲೂ ಕಡಿಮೆ.

ನಾಲ್ಕನೆಯದು ಗಂಟುಮೂಟೆ. ಇಲ್ಲಿ ನಮ್ಮ ಪ್ರೀತಿಯೇ ನಮಗೆ ಶತ್ರು. ಗಸಗಸೆ ಪಾಯಸ ನಮಗೆ ಹಬ್ಬದ ಊಟ. ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ಆ ದೇಶದಲ್ಲಿ ಅದು ನಿಷಿದ್ಧ ವಸ್ತು. ಒಯ್ದವನು ಸೆರೆಮನೆ ಕಾಣಬೇಕಾದೀತು. ಇಡಿಯ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ 2022ರಿಂದ ಅದನ್ನು ವಿಮಾನದ ಪೆಟ್ಟಿಗೆಯಲ್ಲಿ ಇಡಗೊಡುವುದಿಲ್ಲ. ಕೈಚೀಲದಲ್ಲಿ ನೂರು ಮಿಲಿಲೀಟರಿಗೆ ಮೀರಿದ ದ್ರವವಸ್ತುವಿನ ಶೀಶೆ ಇರಕೂಡದು. ಮೊಬೈಲಿಗೆ ವಿದ್ಯುತ್ ತುಂಬುವ ಪವರ್‌ಬ್ಯಾಂಕು ಮಾತ್ರ ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಸೊಸೆಗೆ ಒಂದು ದಂಡೆ ಭಟ್ಕಳ ಮಲ್ಲಿಗೆ ಒಯ್ಯಬೇಕೆಂಬುದು ಅಮ್ಮನ ಆಸೆಯಾಗಿತ್ತು. ಹೂವು, ಬೀಜ, ಗಿಡಗಳ ವಿಷಯದಲ್ಲಿ ಒಂದೊಂದು ದೇಶದ್ದು ಒಂದೊಂದು ಕಟ್ಟಳೆಯೆಂದು ಓದಿದ್ದ ನಾನು ಬೇಡವೆಂದೆ. ನಾನು ಅತಿ ಮಾಡಿದೆನೆಂದು ಆಗ ಎಲ್ಲರೂ ಬೈದರು. 2025ರಲ್ಲಿ ಮಲಯಾಳದ ಚಿತ್ರನಟಿಯೊಬ್ಬರಿಗೆ ಗೇಣುದ್ದದ ಮಲ್ಲಿಗೆಯ ಮಾಲೆಗಾಗಿ ಆಸ್ಟ್ರೇಲಿಯಾದಲ್ಲಿ ಒಂದು ಲಕ್ಷ ರೂಪಾಯಿಗೂ ಮಿಕ್ಕಿ ದಂಡ ಬಿದ್ದ ಸುದ್ದಿ ಓದಿದ ಮೇಲೆ ಬೈಗುಳ ನಿಂತಿತು.

ಇನ್ನೊಂದು ಮಾತು. ಒಬ್ಬರು ಹೊರಟರೆಂದರೆ ಹತ್ತು ಮನೆಯವರು ತಮ್ಮ ಮಕ್ಕಳಿಗೆಂದು ಕಟ್ಟು ತಂದುಕೊಡುವುದು ನಮ್ಮೂರ ವಾಡಿಕೆ. ಬೇಡವೆಂದರೆ ನೆರೆಹೊರೆಯ ಮನಸ್ಸು ಮುರಿಯುತ್ತದೆ. ನಾವು ಒಂದು ಉಪಾಯ ಮಾಡಿದೆವು. “ತಂದುಕೊಡಿ ಅಕ್ಕ, ಆದರೆ ಕಟ್ಟಬೇಡಿ, ನಮ್ಮಲ್ಲಿಯೇ ಬಿಚ್ಚಿ ನೋಡಿ ಕಟ್ಟುತ್ತೇವೆ” ಎಂದು ಮೊದಲೇ ಹೇಳಿದೆವು. ಯಾರೂ ಬೇಸರಪಡಲಿಲ್ಲ. ಒಂದು ಕಟ್ಟಿನಲ್ಲಿ ಗಸಗಸೆಯ ಪೊಟ್ಟಣವೇ ಇತ್ತು! ಕೊಟ್ಟ ತಾಯಿಗೆ ಅದರ ಅಪಾಯ ಗೊತ್ತಿರಲಿಲ್ಲ.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಶದ ನೋಟುಗಳನ್ನು 25,000 ರೂಪಾಯಿಯವರೆಗೆ ಮಾತ್ರ ಹೊರಗೆ ಒಯ್ಯಬಹುದು. ಹೊರಡುವ ಮುನ್ನ ಸ್ವಲ್ಪ ದಿರ್ಹಮುಗಳನ್ನು ಬದಲಿಸಿಕೊಂಡಿರಬೇಕು. ಎಲ್ಲ ಕಾಗದಗಳ ಪ್ರತಿಯೊಂದನ್ನು ಮನೆಯಲ್ಲಿಯೂ ಇಟ್ಟು ಹೋಗಬೇಕು.

ನವೆಂಬರಿನಲ್ಲಿ ನಾವು ಹೋದೆವು. ಹತ್ತು ವರ್ಷ ಹೊರಗಿನಿಂದಲೇ ನೋಡಿದ್ದ ಬಾಗಿಲನ್ನು ಅಮ್ಮ ಗಾಲಿಕುರ್ಚಿಯಲ್ಲಿ ಕುಳಿತು ದಾಟಿದಳು. ದುಬೈಯ ಎತ್ತರದ ಕಟ್ಟಡಗಳು ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಅಲ್ಲಿಯ ಹಳೆಯ ಕಡಲಕಾಲುವೆಯಲ್ಲಿ ಸಾಲಾಗಿ ನಿಂತು ಸರಕು ತುಂಬಿಸಿಕೊಳ್ಳುತ್ತಿದ್ದ ಮರದ ಹಡಗುಗಳನ್ನು ಮಾತ್ರ ಬಹಳ ಹೊತ್ತು ನೋಡಿದಳು. “ಇದು ನಮ್ಮ ಬಂದರದ ಹಾಗೇ ಇದೆಯಲ್ಲ!” ಎಂದಳು. ಮೊಮ್ಮಗಳು ಮೊದಲ ದಿನ ಹತ್ತಿರ ಬರಲಿಲ್ಲ. ಮೂರನೆಯ ದಿನದಿಂದ ಅಜ್ಜಿಯ ಸೆರಗು ಬಿಡಲಿಲ್ಲ. ಏಪ್ರಿಲಿನಲ್ಲಿ ಕಳೆದುಕೊಂಡದ್ದು ಏನೆಂಬುದು ನನಗೆ ಪೂರ್ತಿ ಅರ್ಥವಾದದ್ದು ಆಗಲೇ.

ನನ್ನ ಮಾತಿಗೆ ಕೆಲವು ಆಕ್ಷೇಪಣೆಗಳು ಬರುವುದು ಸಹಜ. “ಇಷ್ಟೆಲ್ಲ ಲೆಕ್ಕ ಹಾಕಿದರೆ ಪ್ರವಾಸದ ಸೊಗಸೇ ಹೋಗುತ್ತದೆ” ಎಂದು ಒಬ್ಬ ಮಿತ್ರರು ಹೇಳಿದರು. ಬಲೆ ಹೆಣೆದವನಿಗೆ ಕಡಲಿನ ಸೊಗಸು ಕಡಿಮೆಯಾಗುವುದೇ? “ಏಜೆಂಟರಿರುವಾಗ ನಮಗೇಕೆ ಈ ತಲೆನೋವು?” ಎಂದು ಇನ್ನೊಬ್ಬರು ಕೇಳಿದರು. ಏಜೆಂಟರ ನೆರವನ್ನು ಪಡೆಯೋಣ. ಆದರೆ ಅವರು ತುಂಬಿದ ಫಾರಮ್ಮನ್ನು ನಾವೇ ಓದಿ ಸಹಿ ಹಾಕೋಣ. ಅವರ ಕೈತಪ್ಪಿಗೆ ಬಾಗಿಲಲ್ಲಿ ನಿಲ್ಲಬೇಕಾದವರು ನಾವು. “ಜೋಗವನ್ನೇ ಸರಿಯಾಗಿ ಕಾಣದವರಿಗೆ ವಿದೇಶವೇಕೆ?” ಎಂಬುದು ಮೂರನೆಯ ಪ್ರಶ್ನೆ. ಜೋಗವನ್ನೂ ನೋಡೋಣ, ಯಾಣವನ್ನೂ ನೋಡೋಣ. ಆದರೆ ಮಗನಿರುವ ಊರನ್ನು ನೋಡುವ ಆಸೆ ಶ್ರೀಮಂತರ ಶೋಕಿಯಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಕಡಲಾಚೆ ಹೋಗಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಒಂದು ಅಂಗವೆಂದು 1967ರಲ್ಲಿ ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪಾಸ್‌ಪೋರ್ಟಿನ ಕಾಯಿದೆ ಬಂದದ್ದೂ ಅದೇ ವರ್ಷ. ನಾಲ್ಕನೆಯ ಇಯತ್ತೆ ಓದಿದ ತಾಯಿಗೂ ಆ ಸ್ವಾತಂತ್ರ್ಯವಿದೆ. ಆದರೆ ಅದು ಅವಳ ಕೈಗೆ ಸಿಗಬೇಕಾದರೆ ಅಕ್ಷರ ಬಲ್ಲವನೊಬ್ಬನು ಪಕ್ಕದಲ್ಲಿ ಕುಳಿತು ಓದಿಹೇಳಬೇಕು.

ಆದುದರಿಂದ ನಮ್ಮ ಕಾಲೇಜಿನ ಮಿತ್ರರಲ್ಲಿ ನನ್ನದೊಂದು ಸೂಚನೆಯಿದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ಪ್ರತಿ ವರ್ಷವೂ ಶಿಬಿರ ನಡೆಸುತ್ತದೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅದರೊಡನೆ ವರ್ಷಕ್ಕೊಂದು ಭಾನುವಾರ ಜಾಲಿಯಂಥ ಊರುಗಳ ಶಾಲೆಯ ಜಗುಲಿಯಲ್ಲಿ ಕುಳಿತು, ಹಿರಿಯರ ಪಾಸ್‌ಪೋರ್ಟು, ಆಧಾರ್ ಕಾರ್ಡುಗಳನ್ನು ಓದಿ, ಹೆಸರು, ತಾರೀಖು, ಅವಧಿಗಳನ್ನು ತಾಳೆನೋಡಿ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಬಾರದೇಕೆ? ಇದಕ್ಕೆ ಒಂದು ಕಾಸಿನ ಖರ್ಚಿಲ್ಲ. ನಮ್ಮ ಓದಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯೂ ಇಲ್ಲ.

ಬಾಯಾರಿದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದಾರೆ. ಈ ಸಂಚಿಕೆಯನ್ನು ಮನೆಗೆ ಒಯ್ಯುವ ಮಿತ್ರರು ಇಂದು ಸಂಜೆಯೇ ಅಮ್ಮನ ಪೆಟ್ಟಿಗೆಯ ತಳವನ್ನೊಮ್ಮೆ ನೋಡಲಿ. ಅಲ್ಲಿ ಒಂದು ನೀಲಿ ಪುಸ್ತಕವಿದ್ದರೆ ಅದನ್ನು ತೆರೆದು, ಕೊನೆಯ ತಾರೀಖನ್ನು ಗಟ್ಟಿಯಾಗಿ ಓದಿಹೇಳಲಿ.